ಗೇದರೆ ಮೀನಿನ ಲೇಬಲ್

೧೯೫೭ ಆಗಸ್ಟ್ ೨೬, ಸೋಮವಾರ

ಕನ್ನಂಬಾಡಿಯಲ್ಲಿ ನೀರು ನೂರ ಇಪ್ಪತ್ತೆರಡು ಅಡಿ ಎಂದು ಇಂದಿನ ಪತ್ರಿಕೆ. ಒಳಹರಿವು ನಿನ್ನೆಗಿಂತ ಕಡಿಮೆ. ಬೆಳಿಗ್ಗೆ ತುಂತುರು ಮಳೆ, ಹನ್ನೊಂದಕ್ಕೆ ನಿಂತಿತು.

ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಕೀಪರ್ ಶಿವಲಿಂಗಯ್ಯನವರು ನಿವೃತ್ತರಾಗಿ ಮೂರು ತಿಂಗಳಾದ ಮೇಲೆ ಅವರ ಕೆಲಸದ ವಿಷಯ ಎದ್ದಿದೆ. ಪ್ರೊಫೆಸರ್ ಷಡಕ್ಷರಿಯವರು ನನ್ನನ್ನೂ ಜ್ಞಾನಪ್ಪನನ್ನೂ ಕೋಣೆಗೆ ಕರೆದು ಹೇಳಿದರು. ಕಾಲೇಜಿನ ಪ್ರಾಣಿಶಾಸ್ತ್ರ ಮ್ಯೂಸಿಯಂಗೆ ಖಾಯಂ ಕೀಪರ್ ಹುದ್ದೆ ಒಂದೇ. ನಮ್ಮಿಬ್ಬರಲ್ಲಿ ಒಬ್ಬರಿಗೆ. ರಾಜ್ಯ ಒಂದಾಗಿ ವರ್ಷ ತುಂಬುವ ನವೆಂಬರ್ ಒಂದರಂದು ಮ್ಯೂಸಿಯಂ ಕನ್ನಡ ಲೇಬಲ್‌ಗಳೊಂದಿಗೆ ಸಾರ್ವಜನಿಕರಿಗೆ ತೆರೆಯುತ್ತದೆ. ಆ ಕೆಲಸ ನೋಡಿ ಆಯ್ಕೆ.

ಕೆಲಸದ ಕ್ರಮ ಹಳೆಯದೇ. ಮಾದರಿ ತಯಾರಿಸಿದವನು ಪೆನ್ಸಿಲಿನಲ್ಲಿ ಕರಡು ಬರೆಯುವುದು. ನಾನು ಪುಸ್ತಕಗಳೊಂದಿಗೆ ತಾಳೆ ನೋಡಿ ಪ್ರತಿ ಸಾಲಿಗೂ ಕೆಂಪು ಟಿಕ್ ಹಾಕುವುದು, ಆಮೇಲೆ ಇಂಡಿಯನ್ ಇಂಕಿನಲ್ಲಿ ಕಾರ್ಡಿಗೆ ಇಳಿಸುವುದು. ನನ್ನ ಟಿಕ್ ಇದ್ದರೆ ಪ್ರೊಫೆಸರರು ಓದದೆ ರುಜು ಹಾಕುತ್ತಾರೆ.

ನಾನು ಇಲ್ಲಿ ಹನ್ನೊಂದು ವರ್ಷದಿಂದ ಹಂಗಾಮಿ ಗುಮಾಸ್ತ. ಏಳುನೂರ ನಲವತ್ತು ಲೇಬಲ್ ಬರೆದಿದ್ದೇನೆ. ಒಂದರಲ್ಲೂ ತಪ್ಪು ಸಿಕ್ಕಿಲ್ಲ. ಜ್ಞಾನಪ್ಪ ಬಂದು ಐದು ತಿಂಗಳು. ಸತ್ತ ಪ್ರಾಣಿಗಳ ಚರ್ಮ ಹದಮಾಡಿ, ಒಳಗೆ ತುಂಬಿ, ಬದುಕಿದಂತೆ ನಿಲ್ಲಿಸುವುದು ಅವನ ಕೆಲಸ. ಮೊದಲು ಮಂಗಳೂರಿನ ಕಡೆ ಮೀನಿಗೆ ಉಪ್ಪು ಹಾಕುವ ಯಾರ್ಡಿನಲ್ಲಿ ಎಂಟು ವರ್ಷ ಇದ್ದನಂತೆ. ಓದಿದ್ದು ಲೋಯರ್ ಸೆಕೆಂಡರಿ.

"ಕೂತ್ಕೊಳ್ರೀ ಜ್ಞಾನಪ್ಪ" ಎಂದರು ಪ್ರೊಫೆಸರರು. ಇನ್ನೊಂದು ಕುರ್ಚಿಯ ಮೇಲೆ ಪುಸ್ತಕಗಳಿದ್ದವು. ಅವನ್ನು ಯಾರೂ ತೆಗೆಯಲಿಲ್ಲ. ನಾನು ನಿಂತೇ ಕೇಳಿಸಿಕೊಂಡೆ. ನನಗೆ ಏನೂ ಅನ್ನಿಸಲಿಲ್ಲ. ನಡೆದದ್ದು ನಡೆದಂತೆ ಇರಲಿ ಎಂದು ಬರೆದಿದ್ದೇನೆ.

೧೯೫೭ ಸೆಪ್ಟೆಂಬರ್ ೧೨, ಗುರುವಾರ

ಕನ್ನಂಬಾಡಿ ನೂರ ಇಪ್ಪತ್ತಮೂರು ಅಡಿ. ಬಿಸಿಲು.

ಮಂಗಳೂರಿನಿಂದ ಮೀನು ಬಂತು. ಕರಾವಳಿಯ ಕಾಲೇಜೊಂದು ಕಳಿಸಿದ ಕಾಣಿಕೆ. ಮರದ ಪೆಟ್ಟಿಗೆ, ಐಸು, ಸುತ್ತ ಭತ್ತದ ಹೊಟ್ಟು. ಲಾರಿಯಿಂದ ಇಳಿಸಲು ಆರು ಜನ ಬೇಕಾಯಿತು. ಮೂತಿಯಿಂದ ಬಾಲದ ತುದಿಯವರೆಗೆ ಐದು ಅಡಿ ಎರಡು ಅಂಗುಲ. ತೂಕ ನೂರ ಐವತ್ತೆರಡು ಪೌಂಡು. ಬೆನ್ನು ಕಡುನೀಲಿ, ಹೊಟ್ಟೆ ಬೆಳ್ಳಿ. ಬಾಲದ ಹತ್ತಿರ ಮೇಲೂ ಕೆಳಗೂ ಸಣ್ಣ ಹಳದಿ ರೆಕ್ಕೆಗಳ ಸಾಲು. ನಮ್ಮ ಇಲವಾಲದ ಕೆರೆಯಲ್ಲಿ ಕಂಡ ಯಾವ ಮೀನಿನ ಹಾಗೂ ಇಲ್ಲ. ತೋಪಿನಲ್ಲಿ ತುಂಬಿ ಹಾರಿಸಲು ಮಾಡಿಟ್ಟ ಗುಂಡಿನ ಹಾಗಿದೆ.

ಇಂಗ್ಲಿಷಿನಲ್ಲಿ ಟ್ಯೂನಾ. ಶಾಸ್ತ್ರದಲ್ಲಿ ಥನ್ನಸ್ ಎಂಬ ಕುಲ. "ಕನ್ನಡದಲ್ಲಿ ಏನಂತಾರ್ರೀ?" ಎಂದು ಪ್ರೊಫೆಸರರು ಕೇಳಿದರು. ಅವರು ಮೀನು ಮುಟ್ಟುವವರಲ್ಲ. ಪಾಠ ಮಾಡಿ ಇಪ್ಪತ್ತು ವರ್ಷವಾದರೂ ಮೂಗಿಗೆ ಕರ್ಚೀಫು ಬೇಕು. ನಾನು ನಿಘಂಟು ತೆಗೆದೆ. ‘ಒಂದು ಬಗೆಯ ದೊಡ್ಡ ಕಡಲಮೀನು’ ಎಂದಷ್ಟೇ ಇತ್ತು.

"ಗೇದರೆ ಅಂತಾರೆ ಸಾರ್" ಎಂದ ಜ್ಞಾನಪ್ಪ. "ಕೆಲವ್ರು ಕೇದರೆ ಅಂತಾರೆ. ಗೋವಾ ಕಡೆಯಿಂದ ಬರೋವ್ರು ಕುಪ್ಪ. ಮಲಯಾಳದವ್ರು ಚೂರ."

ಹೆಸರಿಗೊಂದು ಬೆರಳು ಮಡಿಸುತ್ತಾ ಹೇಳಿದ. ಪ್ರೊಫೆಸರರು ಕರ್ಚೀಫಿನೊಳಗೇ ನಕ್ಕರು. "ಅಷ್ಟೋತ್ತರ ಇದೆಯಲ್ರೀ ಇದಕ್ಕೆ! ನೋಡಿ ಮಹದೇವು, ಇಂಥವರು ಬೇಕು ನಮಗೆ." ನನ್ನ ಕೈಯಲ್ಲಿ ನಿಘಂಟು ತೆರೆದೇ ಇತ್ತು.

ಮಧ್ಯಾಹ್ನ ಅವನು ಹೊಟ್ಟೆ ಸೀಳುವಾಗ ನಾನು ಕಂದು ಕಾಗದದ ಮೇಲೆ ಮೀನಿನ ಅಂಚು ಬರೆದುಕೊಳ್ಳುತ್ತಿದ್ದೆ.

"ಇದು ಬೆಚ್ಚಗಿರೋ ಮೀನು ಕಣಣ್ಣ" ಎಂದ. "ದೋಣಿಯಿಂದ ಇಳಿಸಿದ ತಕ್ಷಣ ಸೀಳಿ ಕೈ ಹಾಕಿದ್ರೆ, ಆಗ ತಾನೆ ಕರೆದ ಹಾಲಿನ ಚೊಂಬು ಹಿಡ್ದಂಗೆ."

"ಮೀನು ಶೀತರಕ್ತದ ಪ್ರಾಣಿ, ಜ್ಞಾನಪ್ಪ. ನೀರು ಎಷ್ಟು ತಣ್ಣಗೋ ಅದೂ ಅಷ್ಟೇ ತಣ್ಣಗೆ."

"ಪುಸ್ತಕದಲ್ಲಿ ಅಂಗಿರ್ಬೋದು ಮಹದೇವಣ್ಣ. ಕೈಗೆ ಅಂಗಿರ್ಲಿಲ್ಲ."

೧೯೫೭ ಸೆಪ್ಟೆಂಬರ್ ೧೩, ಶುಕ್ರವಾರ

ಮೂರು ಪಠ್ಯಪುಸ್ತಕ ನೋಡಿದೆ. ಮೂರರಲ್ಲೂ ಒಂದೇ ಮಾತು: ಹಕ್ಕಿಗಳು ಮತ್ತು ಮೊಲೆಯೂಡುವ ಪ್ರಾಣಿಗಳು ಬಿಸಿ ರಕ್ತದವು. ಮೀನು, ಕಪ್ಪೆ, ಹಾವು ಶೀತರಕ್ತದವು. ಬೇರೆ ಅರ್ಥಕ್ಕೆ ಅವಕಾಶವೇ ಇಲ್ಲ.

ಅವನಿಗೆ ಹೇಳಲಿಲ್ಲ.

೧೯೫೭ ಸೆಪ್ಟೆಂಬರ್ ೨೨, ಭಾನುವಾರ

ಹೆಸರುಗಳನ್ನು ಸಂಗ್ರಹಿಸುವುದು ಲೇಬಲ್ ಗುಮಾಸ್ತನ ಕೆಲಸವೇ ಹೊರತು ಚರ್ಮ ತುಂಬುವವನ ಕೆಲಸವಲ್ಲ. ಆದ್ದರಿಂದ ಬೆಳಿಗ್ಗೆ ಮಾರುಕಟ್ಟೆಗೆ ಹೋದೆ. ಒಣಮೀನು ಮಾರುವ ಬೆಟ್ಟಮ್ಮನಿಗೆ ಕರಾವಳಿಯಿಂದ ಮೂಟೆ ಬರುತ್ತದೆ ಎಂದು ಯಾರೋ ಹೇಳಿದರು. ನೋಟ್‌ಬುಕ್ಕು, ಪೆನ್ಸಿಲು ತೆಗೆದು ನಿಂತೆ.

"ಏನ್ ಬೇಕು ಸ್ವಾಮಿ? ಸೀಗಡಿ ಅದೆ, ಬಂಗಡೆ ಅದೆ."

"ಗೇದರೆ ಅಂತ ಒಂದು ದೊಡ್ಡ ಮೀನು. ಅದಕ್ಕೆ ಬೇರೆ ಹೆಸರು ಗೊತ್ತಾ?"

"ಮೀನು ಬ್ಯಾಡ್ವಾ? ಬರೀ ಹೆಸ್ರಾ?"

"ಹೆಸರು ಸಾಕು."

ಪಕ್ಕದಲ್ಲಿ ಈರುಳ್ಳಿ ಮಾರುವವಳ ಕಡೆ ತಿರುಗಿದಳು. "ನೋಡವ್ವ ಇಲ್ಲಿ, ಈ ಸ್ವಾಮ್ಯೋರು ಹೆಸ್ರು ಬೇಯಿಸ್ಕೊಂಡು ಉಣ್ತಾರಂತೆ! ನಿನ್ನ ಈರುಳ್ಳಿ ಹೆಸ್ರುನೂ ಒಂದಿಷ್ಟು ಕೊಟ್ಟು ಕಳ್ಸು, ಒಗ್ಗರಣೆಗೆ ಆಯ್ತದೆ."

ಸುತ್ತಲಿನವರೆಲ್ಲ ನಕ್ಕರು. ಕೊನೆಗೆ ಅರ್ಧ ಸೇರು ಸೀಗಡಿ ತೆಗೆದುಕೊಂಡ ಮೇಲೆ, ಮೂಟೆ ತರುವ ಲಕ್ಷದ್ವೀಪದವನೊಬ್ಬ ಅಂಥ ಮೀನನ್ನೇ ಬೇಯಿಸಿ ಒಣಗಿಸಿ ಕಲ್ಲಿನಂತೆ ಮಾಡಿ ‘ಮಾಸ್’ ಎನ್ನುತ್ತಿದ್ದ ಎಂದಳು. ಬರೆದುಕೊಂಡೆ. ಜ್ಞಾನಪ್ಪನ ಪಟ್ಟಿಯಲ್ಲಿ ಇದು ಇಲ್ಲ.

೧೯೫೭ ಅಕ್ಟೋಬರ್ ೬, ಭಾನುವಾರ

ದಸರೆ ಮುಗಿಯಿತು. ಆಯುಧಪೂಜೆಯ ದಿನ ಮ್ಯೂಸಿಯಂನಲ್ಲಿ ಅವನ ಚಾಕು, ಕತ್ತರಿ, ಸೂಜಿಗಳಿಗೂ ಕುಂಕುಮ ಇಟ್ಟರು. ನನ್ನ ನಿಬ್ಬು, ರೂಲು ಪಟ್ಟಿ ಮೇಜಿನ ಆ ತುದಿಯಲ್ಲಿದ್ದವು; ಹೂವು ಅಲ್ಲಿಯವರೆಗೆ ಸಾಲಲಿಲ್ಲ. ಅವನು ತನ್ನ ಮುಂದಿದ್ದ ಚೆಂಡುಹೂವು ಒಂದನ್ನು ತಂದು ನನ್ನ ನಿಬ್ಬಿನ ಮೇಲಿಟ್ಟ. ಎಲ್ಲರೂ ನೋಡುತ್ತಿದ್ದಾಗ ಇಟ್ಟ.

ಅಂದು ಪೂಜೆಗೆ ಬಂದಿದ್ದ ಮನೆಯವಳು ದೇವಿರಮ್ಮನಿಗೆ ಅವನ ಹೆಂಡತಿ ಮಾರ್ಗರೇಟಳ ಪರಿಚಯವಾಗಿದೆ. ಇವತ್ತು ಚರ್ಚಿನಿಂದ ಮಂಡಿ ಮೊಹಲ್ಲಾದ ತಮ್ಮ ಮನೆಗೆ ಹೋಗುವ ಮೊದಲು ಆಕೆ ನಮ್ಮ ಮನೆಗೆ ಬಂದಳು. ನಾನು ಪಡಸಾಲೆಯಲ್ಲಿ ಪತ್ರಿಕೆ ಓದುತ್ತಿದ್ದೆ. ಅಡಿಗೆಮನೆಯ ಮಾತು ಕೇಳುತ್ತಿತ್ತು.

"ನಮ್ಮಮ್ಮನ ಊರು ತೂತ್ತುಕುಡಿ ಅಕ್ಕ. ಅಲ್ಲಿ ಈ ಮೀನಿಗೆ ಸೂರೆ ಅಂತಾರೆ. ಹುಳಿ ಜಾಸ್ತಿ ಬಿಟ್ಟು ಸಾರು ಮಾಡ್ಬೇಕು. ಮಾಂಸ ಕೆಂಪಗೆ, ಕುರಿ ಥರ ಇರ್ತದೆ."

"ನಮ್ಗೆ ಕೆರೆ ಮೀನೇ ಸರಿ ಕಣಮ್ಮ. ಕುರಿ ಬೇಕಾದ್ರೆ ಕುರೀನೇ ತಿನ್ಬೋದಲ್ಲ" ಎಂದಳು ದೇವಿರಮ್ಮ. ಇಬ್ಬರೂ ನಕ್ಕರು.

ಸೂರೆ ಎಂದು ಬರೆದುಕೊಂಡೆ. ನನ್ನ ಪಟ್ಟಿಯಲ್ಲಿ ಈಗ ಆರು ಹೆಸರು, ಅವನದರಲ್ಲಿ ನಾಲ್ಕು.

೧೯೫೭ ಅಕ್ಟೋಬರ್ ೧೮, ಶುಕ್ರವಾರ

ಮೀನು ತಯಾರಾಗಿದೆ. ಒಣಗಿದ ಮೇಲೆ ಚರ್ಮದ ಬಣ್ಣವೆಲ್ಲ ಹೋಗಿ ಬೂದಿಯಾಗಿತ್ತು. ಒಂಬತ್ತು ದಿನ ಕೂತು ಎಣ್ಣೆ ಬಣ್ಣದಲ್ಲಿ ಮತ್ತೆ ಬರೆದಿದ್ದಾನೆ. ಕಣ್ಣು ಗಾಜಿನದು. ಎಲ್ಲಿ ನಿಂತು ನೋಡಿದರೂ ಅದು ಬೇರೆ ಎಲ್ಲಿಗೋ ಹೊರಟ ಹಾಗೆ ಕಾಣುತ್ತದೆ. ದೋಷ ಹುಡುಕಿದೆ. ಬೆನ್ನಿನ ಸಾಲಿನ ಸಣ್ಣ ರೆಕ್ಕೆಗಳನ್ನು ಎಣಿಸಿದೆ. ಎಂಟಿದ್ದವು, ಎಂಟಿರಬೇಕು.

ಮಧ್ಯಾಹ್ನ ದೇವಿರಮ್ಮ ನೋಡಲು ಬಂದಳು. ಬಹಳ ಹೊತ್ತು ಮೀನಿನ ಮುಂದೆ ನಿಂತಳು.

"ಮನ್ಸ ಮಾಡಿದ್ದು ಅನ್ಸಕ್ಕಿಲ್ಲ ಕಣ್ರೀ. ಈಗ ನೀರಿಂದ ಎದ್ದು ಬಂದಂಗದೆ." ಆಮೇಲೆ ಕೇಳಿದಳು, "ಇದ್ರಲ್ಲಿ ನಿಮ್ದೇನು?"

"ಲೇಬಲ್."

"ಎಲ್ಲದೆ?"

"ಇನ್ನೂ ಬರೆದಿಲ್ಲ."

ಮದುವೆಯಾಗಿ ಹದಿನಾರು ವರ್ಷದಲ್ಲಿ ನಾನು ಬರೆದ ಒಂದು ಲೇಬಲ್ಲಿನ ಮುಂದೆ ಅವಳು ಅಷ್ಟು ಹೊತ್ತು ನಿಂತಿಲ್ಲ. ಅವಳಿಗೆ ಓದು ಬಾರದು. ಆದ್ದರಿಂದ ಈ ಹೋಲಿಕೆ ನ್ಯಾಯವಲ್ಲ. ಆದರೂ ಬರೆದಿದ್ದೇನೆ.

ಊಟಕ್ಕೆ ಕೂತಾಗ ಹೇಳಿದಳು, "ಕೂತಾಗಿಂದ ಹದಿನಾಕು ಸಲ ಜ್ಞಾನಪ್ಪ ಅಂದ್ರಿ."

"ಲೆಕ್ಕ ಇಡ್ತಾ ಇದ್ದೀಯಾ?"

"ಅಯ್ಯೋ ಬುಡಿ, ನಿಮ್ ಸಾವಾಸದಲ್ಲಿ ಕಲ್ತಿದ್ದು."

೧೯೫೭ ಅಕ್ಟೋಬರ್ ೨೪, ಗುರುವಾರ

ದೀಪಾವಳಿಯ ರಜೆ ಮುಗಿದು ಕಾಲೇಜು ತೆರೆಯಿತು. ಜ್ಞಾನಪ್ಪ ಗೇದರೆಯ ಕರಡು ತಂದುಕೊಟ್ಟ. ಎಂಟು ಸಾಲು. ಅವನ ಅಕ್ಷರ ಎಮ್ಮೆಗಳು ಕೆರೆಗೆ ಇಳಿದ ಹಾಗೆ ಒಂದರ ಮೇಲೊಂದು.

ಮೊದಲ ಸಾಲು ಹೆಸರುಗಳು. ನಾನು ನನ್ನ ಎರಡನ್ನು ಸೇರಿಸಿದೆ. ಎರಡನೆಯದರಲ್ಲಿ ನೂರ ಐವತ್ತು ಪೌಂಡು ಎಂದಿದ್ದುದನ್ನು ನೂರ ಐವತ್ತೆರಡು ಮಾಡಿದೆ. ನಾಲ್ಕರಲ್ಲಿ ಒಂದು ಒತ್ತಕ್ಷರ ತಿದ್ದಿದೆ. ಐದನೆಯ ಸಾಲು ಹೀಗಿತ್ತು: ‘ಬೇರೆ ಮೀನುಗಳಂತೆ ಇದರ ಮೈ ತಣ್ಣಗಿರುವುದಿಲ್ಲ. ಇದು ಬಿಸಿ ರಕ್ತದ ಮೀನು.’

ಕೆಂಪು ಪೆನ್ಸಿಲಿನಿಂದ ಹೊಡೆದು ಹಾಕಲು ಕೈ ಎತ್ತಿದೆ. ನವೆಂಬರ್ ಒಂದಕ್ಕೆ ಮದ್ರಾಸಿನಿಂದ ಮೀನುಗಾರಿಕೆಯ ದೊಡ್ಡ ವಿಜ್ಞಾನಿಯೊಬ್ಬರು ಬರುತ್ತಾರೆ. ಕೀಪರ್ ಆಯ್ಕೆಯ ಸಮಿತಿಯವರೂ ಅವರ ಜೊತೆ ಇರುತ್ತಾರೆ. ಎಲ್ಲರೂ ಮೊದಲು ನಿಲ್ಲುವುದು ಈ ಮೀನಿನ ಮುಂದೆಯೇ. ಆ ಸಾಲು ಯಾರದೆಂದು ಕೇಳುತ್ತಾರೆ. ಕರಡು ಯಾರದೋ ಮಾತು ಅವರದು; ನನ್ನ ಟಿಕ್ ಕಾರ್ಡಿನ ಮೇಲೆ ಕಾಣುವುದಿಲ್ಲ. ಮೀನಿಗೆ ಬಿಸಿ ರಕ್ತ ಎಂದವನು ಕೀಪರ್ ಆಗುವುದು ಸಾಧ್ಯವಿಲ್ಲ.

ಟಿಕ್ ಹಾಕಿದೆ. ಉಳಿದ ಏಳು ಸಾಲಿಗೂ ಹಾಕಿದೆ. ಎಂಟೂ ಒಂದೇ ಅಳತೆಯಲ್ಲಿವೆ.

೧೯೫೭ ಅಕ್ಟೋಬರ್ ೨೫, ಶುಕ್ರವಾರ

ಪ್ರೊಫೆಸರರು ರುಜು ಹಾಕಿದರು. ಓದಲಿಲ್ಲ.

೧೯೫೭ ಅಕ್ಟೋಬರ್ ೨೮, ಸೋಮವಾರ

ಕಾರ್ಡಿಗೆ ಇಳಿಸಿದೆ. ಇಷ್ಟು ಚೆನ್ನಾಗಿ ಈಚೆಗೆ ಯಾವುದನ್ನೂ ಬರೆದಿಲ್ಲ. ಐದನೆಯ ಸಾಲು ಎಲ್ಲಕ್ಕಿಂತ ಸ್ಪಷ್ಟವಾಗಿ ಬಂದಿದೆ.

ಇಂಕು ಒಣಗುವಾಗ ಜ್ಞಾನಪ್ಪ ಪಕ್ಕಕ್ಕೆ ಬಂದು ನಿಂತ. ತುಟಿ ಆಡಿಸುತ್ತಾ ಓದಿದ.

"ಆ ಸಾಲು ಹೊಡೆದಾಕ್ತೀರಿ ಅಂತ್ಲೇ ಇದ್ದೆ ಅಣ್ಣ. ಬಿಟ್ಬುಟ್ಟಿದ್ದೀರಲ್ಲ!"

"ಇರಲಿ" ಎಂದೆ.

"ನಾನು ಹೇಳಿದ್ದನ್ನ ಇದುವರ್ಗೂ ಯಾರೂ ಬರ್ದಿರ್ಲಿಲ್ಲ." ಕಾರ್ಡಿನ ಅಂಚನ್ನು ಮುಟ್ಟಲು ಹೋಗಿ ಕೈ ಹಿಂದಕ್ಕೆ ತೆಗೆದುಕೊಂಡ, ಬೆರಳಿಗೆ ಬಣ್ಣ ಇತ್ತು. "ಮಾರ್ಗರೇಟ್‌ನ ಕರ್ಕೊಂಡ್ ಬರ್ತೀನಿ ಅವತ್ತು."

ತಲೆನೋವು. ಬೇಗ ಮಲಗುತ್ತೇನೆ.

೧೯೫೭ ನವೆಂಬರ್ ೧, ಶುಕ್ರವಾರ

ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಹತ್ತಕ್ಕೆ ಬಾಗಿಲು ತೆರೆದರು. ಜನ ಸುಮಾರು ನಾನೂರು. ದೇವಿರಮ್ಮ ಮತ್ತು ಮಾರ್ಗರೇಟ್ ಕಂಬದ ಪಕ್ಕ ಒಟ್ಟಿಗೆ ನಿಂತಿದ್ದರು. ಮಾರ್ಗರೇಟ್ ಜರಿಯ ಸೀರೆ ಉಟ್ಟಿದ್ದಳು. ಜ್ಞಾನಪ್ಪ ಕೋಟು ಹಾಕಿದ್ದ; ತೋಳು ಒಂದು ಅಂಗುಲ ಗಿಡ್ಡ.

ಹನ್ನೊಂದೂಕಾಲಿಗೆ ಮದ್ರಾಸಿನ ವಿಜ್ಞಾನಿ ಡಾಕ್ಟರು, ಪ್ರೊಫೆಸರರು, ಸಮಿತಿಯ ಮೂವರು ಬಂದರು. ನಾನು ಊಹಿಸಿದಂತೆ ನೇರವಾಗಿ ಮೀನಿನ ಮುಂದೆ ನಿಂತರು. ಡಾಕ್ಟರಿಗೆ ಕನ್ನಡ ಓದಲು ಬಾರದು, ಪ್ರೊಫೆಸರರು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದರು. ಐದನೆಯ ಸಾಲಿಗೆ ಬಂದಾಗ ಅವರ ದನಿ ನಿಂತಿತು. ಅವರು ಅದನ್ನು ಮೊದಲ ಸಲ ಓದುತ್ತಿದ್ದರು. ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

ಡಾಕ್ಟರು ಏನಿದೆ ಎಂದು ಒತ್ತಾಯಿಸಿ ಕೇಳಿದರು. ಪ್ರೊಫೆಸರರು ಸಣ್ಣ ದನಿಯಲ್ಲಿ ಹೇಳಿದರು. "ಇದನ್ನು ಬರೆದವರು ಯಾರು?" ಎಂದರು ಡಾಕ್ಟರು.

ಆ ಕ್ಷಣ ನನಗೆ ಸಂತೋಷವಾಯಿತು. ಅದನ್ನು ಬರೆಯದೆ ಬಿಟ್ಟರೆ ಈ ದಿನಚರಿ ಸುಳ್ಳಾಗುತ್ತದೆ.

ಜ್ಞಾನಪ್ಪ ಮುಂದೆ ಬಂದ. ಡಾಕ್ಟರು ಅವನ ಕೈ ಹಿಡಿದು ಕುಲುಕಿದರು. ಅದು ನಿಜವಂತೆ. ನೂರಿಪ್ಪತ್ತು ವರ್ಷದ ಹಿಂದೆಯೇ ಒಬ್ಬ ಆಂಗ್ಲ ವೈದ್ಯರು ಇದೇ ಬಗೆಯ ಮೀನಿಗೆ ಥರ್ಮಾಮೀಟರ್ ಇಟ್ಟು ನೋಡಿ, ಸುತ್ತಲಿನ ನೀರಿಗಿಂತ ಬಿಸಿ ಇದೆ ಎಂದು ಬರೆದಿಟ್ಟಿದ್ದಾರೆ. ಪಠ್ಯಪುಸ್ತಕ ಬರೆಯುವವರು ಅದನ್ನು ಬಿಟ್ಟುಬಿಡುತ್ತಾರೆ. ಇಷ್ಟು ಮ್ಯೂಸಿಯಂ ಸುತ್ತಿದ್ದೇನೆ, ಲೇಬಲ್ಲಿನಲ್ಲಿ ಈ ಮಾತು ಕಂಡದ್ದು ಇದೇ ಮೊದಲು ಎಂದರು.

"ನನ್ನದೇನಿಲ್ಲ ಸಾರ್" ಎಂದ ಜ್ಞಾನಪ್ಪ. "ನಾನು ಹೇಳ್ದೆ ಅಷ್ಟೆ. ಇವ್ರು ಮಹದೇವಣ್ಣ. ಎಲ್ಲಾ ಸಾಲೂ ಪುಸ್ತಕ ನೋಡ್ದೆ ಬಿಡೋರಲ್ಲ. ಪುಸ್ತಕದಲ್ಲಿ ಇಲ್ದಿದ್ರೂ ನನ್ನ ಮಾತು ನಂಬಿ ಬರ್ದ್ರು."

ಪ್ರೊಫೆಸರರು ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ಸಮಿತಿಯವರು ನನ್ನ ಕಡೆ ತಿರುಗಿದರು. ಡಾಕ್ಟರು ನನ್ನ ಕೈಯನ್ನೂ ಕುಲುಕಿದರು. ಕೀಪರ್ ಆದವನಿಗೆ ಇರಬೇಕಾದದ್ದು ಈ ವಿವೇಚನೆ ಎಂದರು. ಪ್ರೊಫೆಸರರು ನನ್ನ ಬೆನ್ನು ತಟ್ಟಿದರು. ನಾನು ಕೈ ಮುಗಿದೆ.

ದೇವಿರಮ್ಮ ಮನೆಗೆ ಬರುವಾಗ ದಾರಿಯುದ್ದಕ್ಕೂ ನನ್ನನ್ನೇ ನೋಡುತ್ತಿದ್ದಳು. ಸಂತೋಷದಿಂದ.

೧೯೫೭ ನವೆಂಬರ್ ೨, ಶನಿವಾರ

ತನಗೆ ಬಂದ ಹೊಗಳಿಕೆಯನ್ನು ಅವನು ಅಷ್ಟು ಸುಲಭವಾಗಿ ನನಗೆ ಹೇಗೆ ಕೊಟ್ಟ? ಕೊಡುವಾಗ ಯೋಚನೆ ಕೂಡ ಮಾಡಲಿಲ್ಲ. ನನಗೆ ಬೇಕಾದದ್ದೆಲ್ಲ ಸಿಕ್ಕರೂ ಹಾಗೆ ಕೊಡುವ ಆ ಒಂದು ಗುಣ ನನ್ನ ಹತ್ತಿರ ಇಲ್ಲ.

೧೯೫೭ ನವೆಂಬರ್ ೧೫, ಶುಕ್ರವಾರ

ಆರ್ಡರ್ ಬಂತು. ಕೀಪರ್ ಹುದ್ದೆಗೆ ನನ್ನನ್ನು ನೇಮಿಸಿದ್ದಾರೆ. ಜ್ಞಾನಪ್ಪನ ಹಂಗಾಮಿ ಕೆಲಸ ಡಿಸೆಂಬರ್ ಕೊನೆಗೆ ಮುಗಿಯುತ್ತದೆ.

ಸಂಜೆ ಅವನೂ ಮಾರ್ಗರೇಟಳೂ ಮನೆಗೆ ಬಂದರು. ಬಾಳೆಹಣ್ಣು, ಒಂದು ಸೇರು ಮೈಸೂರುಪಾಕು. ನನ್ನ ಕೈಗೆ ಕೊಟ್ಟು, "ನಿಮ್ಗೇ ಬರ್ಬೇಕಾಗಿತ್ತು ಅಣ್ಣ, ಹನ್ನೊಂದು ವರ್ಷ ಏನ್ ಕಮ್ಮೀನಾ" ಎಂದ. ಅವನ ಮುಖದಲ್ಲಿ ಅಸೂಯೆ ಇದೆಯೇ ಎಂದು ಬಹಳ ಹೊತ್ತು ಹುಡುಕಿದೆ. ಬೇಸರ ಇತ್ತು. ಅಸೂಯೆ ಇರಲಿಲ್ಲ. ಇದ್ದಿದ್ದರೆ ನಾನು ಆ ಮೈಸೂರುಪಾಕು ತಿನ್ನುತ್ತಿದ್ದೆ.

೧೯೫೭ ನವೆಂಬರ್ ೧೮, ಸೋಮವಾರ

ಪ್ರೊಫೆಸರರಿಗೆ ಹೇಳಿದೆ. ಐದನೆಯ ಸಾಲು ತಪ್ಪೆಂದು ನಂಬಿಯೇ ಟಿಕ್ ಹಾಕಿದ್ದು, ಜ್ಞಾನಪ್ಪನಿಗೆ ಅವಮಾನವಾಗಲಿ ಎಂದು ಹಾಕಿದ್ದು, ಹುದ್ದೆ ಅವನಿಗೆ ಸೇರಬೇಕಾದದ್ದು. ಮೂರು ವಾಕ್ಯ. ಮೊದಲೇ ಬರೆದುಕೊಂಡು ಹೋಗಿದ್ದೆ.

ಅವರು ಕನ್ನಡಕ ತೆಗೆದು ಒರೆಸಿದರು.

"ಏನ್ರೀ ಮಹದೇವು ಇದು. ಸಾಲು ನಿಜ ತಾನೆ?"

"ನಿಜ ಸಾರ್."

"ಮತ್ತೆ? ನಿಜವಾದ ಲೇಬಲ್ಲಿಗೆ ಟಿಕ್ ಹಾಕಿದ್ರಿ ಅಂತ ನಿಮ್ಮ ಮೇಲೆ ಏನು ಬರೀಲಿ? ಅದರ ಕೆಳಗೆ ರುಜು ನನ್ನದು. ಓದದೇ ಹಾಕಿದೆ ಅಂತ ಬರೀಲಾ?" ಕನ್ನಡಕ ಹಾಕಿಕೊಂಡು, "ಆರ್ಡರ್ ಆಗಿದೆ. ಹೋಗಿ, ಕೆಲಸ ನೋಡ್ಕೊಳಿ" ಎಂದರು.

ಕುರ್ಚಿಯ ಮೇಲೆ ಪುಸ್ತಕಗಳಿರಲಿಲ್ಲ. ಅವರು ಕೂರಲು ಹೇಳಿದ್ದರು. ಕೂತಿದ್ದೆ.

೧೯೫೭ ನವೆಂಬರ್ ೧೯, ಮಂಗಳವಾರ

ಇವತ್ತು ಜ್ಞಾನಪ್ಪನಿಗೆ ಹೇಳಿದೆ. ಕೊಳಾಯಿಯ ಹತ್ತಿರ ಕಾರ್ಬಾಲಿಕ್ ಸೋಪಿನಲ್ಲಿ ಕೈ ತೊಳೆಯುತ್ತಿದ್ದ. ಅದೇ ಮೂರು ವಾಕ್ಯ.

ಮೊದಲು ನಕ್ಕ. ತಮಾಷೆ ಎಂದುಕೊಂಡನೆಂದು ಕಾಣುತ್ತದೆ. ಆಮೇಲೆ ಟವೆಲ್ಲು ತೆಗೆದುಕೊಂಡು ಒಂದೊಂದೇ ಬೆರಳು ಒರೆಸಿಕೊಂಡ.

"ಮಾರ್ಗರೇಟ್ ಅವತ್ತು ಮದ್ವೆ ಸೀರೆ ಉಟ್ಕೊಂಡ್ ಬಂದಿದ್ಲು."

"ಗೊತ್ತು."

"ಗೊತ್ತಿದ್ದು ನಿಂತಿದ್ರಿ."

ಅವನು ಕೊಳಾಯಿ ತಿರುಗಿಸಿ ನಿಲ್ಲಿಸಿದ.

"ತಪ್ಪು ಅಂದ್ಕೊಂಡಿದ್ರೆ ಹೊಡೆದಾಕ್ಬೇಕಿತ್ತು. ನಾನು ಜಗಳ ಆಡ್ತಿದ್ದೆ. ಸಾಲ್ದೆ ಹೋದ್ರೆ ಕೈ ಹಿಡ್ಕೊಂಡು ಮಂಗಳೂರಿಗೆ ಕರ್ಕೊಂಡೋಗಿ, ದೋಣಿ ಪಕ್ಕ ನಿಲ್ಲಿಸಿ, ಮೀನಿನ ಹೊಟ್ಟೇಲಿ ನಿಮ್ ಕೈ ಇಡಿಸ್ತಿದ್ದೆ. ಅಷ್ಟಕ್ಕೂ ಬಿಡ್ಲಿಲ್ವಲ್ಲ ನೀವು." ಟವೆಲ್ಲನ್ನು ಮೊಳೆಗೆ ಸಿಕ್ಕಿಸಿದ. "ನಾನು ಹೇಳಿದ್ದನ್ನ ಯಾರೋ ಒಬ್ರು ನಂಬಿದ್ರು ಅಂತ ಊರೆಲ್ಲಾ ಹೇಳ್ಕೊಂಡ್ ಬಂದೆ."

ಮಧ್ಯಾಹ್ನ ಒಂದು ಬೀಗದ ಕೈ ಕೇಳಲು ಬಂದ. "ಮಹದೇವು ಅವರೇ" ಎಂದ.

ದೇವಿರಮ್ಮನಿಗೂ ಹೇಳಿದೆ. ಅವಳು ಒಲೆಯ ಮುಂದೆ ಕೂತಿದ್ದಳು. ತಿರುಗಲಿಲ್ಲ. "ಮಾರ್ಗರೇಟ್ ಮುಖ ನಾನೆಂಗೆ ನೋಡ್ಲಿ?" ಎಂದಳು. ಅಷ್ಟೆ.

೧೯೫೭ ಡಿಸೆಂಬರ್ ೩೦, ಸೋಮವಾರ

ಜ್ಞಾನಪ್ಪನವರು ಬೆಳಗಿನ ಬಸ್ಸಿಗೆ ಮಂಗಳೂರಿಗೆ ಹೊರಟರು. ಹಳೆಯ ಯಾರ್ಡಿನಲ್ಲೇ ಕೆಲಸ ಸಿಕ್ಕಿದೆಯಂತೆ. ದೇವಿರಮ್ಮ ಬುತ್ತಿ ಕಟ್ಟಿಕೊಂಡು ಸ್ಟ್ಯಾಂಡಿಗೆ ಹೋದಳು. ನೀವೂ ಬನ್ನಿ ಎನ್ನಲಿಲ್ಲ. ನಾನೂ ಹೋಗಲಿಲ್ಲ.

ಏಳೂವರೆಗೆ ಮ್ಯೂಸಿಯಂ ಬಾಗಿಲು ತೆಗೆದೆ. ಇಂದು ಯಾರೂ ಬರಲಿಲ್ಲ. ಮೀನಿನ ಮೇಲಿನ ಧೂಳು ಒರೆಸಿದೆ. ಬಣ್ಣದ ಕೆಳಗೆ ಚರ್ಮದ ಹೊಲಿಗೆ ಎಲ್ಲಿದೆ ಎಂದು ಬೆರಳಾಡಿಸಿ ಹುಡುಕಿದೆ. ಸಿಗಲಿಲ್ಲ.

೧೯೫೮ ಮಾರ್ಚ್ ೮, ಶನಿವಾರ

ಮಂಗಳೂರಿನಿಂದ ಕಾಗದ. ‘ಮ್ಯೂಸಿಯಂ ಕೀಪರ್ ಅವರಿಗೆ’ ಎಂದು ವಿಳಾಸ. ಕ್ಷೇಮ ಸಮಾಚಾರ ಇಲ್ಲ. ಅಕ್ಷರ ಮೊದಲಿಗಿಂತ ದುಂಡಾಗಿದೆ; ನನ್ನದಕ್ಕಿಂತಲೂ ಚೆನ್ನಾಗಿದೆ ಎನ್ನಿಸಿ ಸ್ವಲ್ಪ ಸಂಕಟವಾಯಿತು. ಪೂರ್ತಿ ಇಲ್ಲಿ ನಕಲು ಮಾಡುತ್ತೇನೆ.

‘ಗೇದರೆ ಮೀನಿನ ಲೇಬಲ್ಲಿನಲ್ಲಿ ತಪ್ಪಿದೆ. ತಪ್ಪು ನನ್ನದು. ಕಳೆದ ತಿಂಗಳು ಥರ್ಮಾಮೀಟರ್ ತೆಗೆದುಕೊಂಡು ದೋಣಿಯಲ್ಲೇ ಹೋಗಿದ್ದೆ. ಹಿಡಿದ ತಕ್ಷಣ ಮೂರು ಮೀನು ನೋಡಿದೆ. ನೀರು ಫ್ಯಾರನ್‌ಹೀಟ್ ಎಂಬತ್ತೆರಡು ಡಿಗ್ರಿ. ಬೆನ್ನೆಲುಬಿನ ಪಕ್ಕದ ಕೆಂಪು ಮಾಂಸ ತೊಂಬತ್ತು. ಆದರೆ ಹೃದಯ ನೀರಿನಷ್ಟೇ ತಣ್ಣಗೆ. ಮೈಯೆಲ್ಲ ಬಿಸಿ ಎಂದು ನಾನು ಬರೆದದ್ದು ಸರಿಯಲ್ಲ. ಸರಿಪಡಿಸುವುದು. ಜ್ಞಾನಪ್ಪ.’

ನಾಲ್ಕು ಸಲ ಓದಿದೆ. ಅಕ್ಟೋಬರಿನಲ್ಲಿ ನಾನು ನನ್ನ ಕೆಲಸ ಮಾಡಿದ್ದರೆ, ಎಲ್ಲಿ ಬಿಸಿ, ಎಷ್ಟು ಬಿಸಿ, ಅಳೆದಿದ್ದೀರಾ ಎಂದು ಅಂದೇ ಕೇಳುತ್ತಿದ್ದೆ.

ಉತ್ತರ ಬರೆದೆ. ಮೂರು ಮೀನುಗಳ ಉದ್ದವೆಷ್ಟು? ಥರ್ಮಾಮೀಟರನ್ನು ಎಷ್ಟು ಅಂಗುಲ ಒಳಗೆ ಇಳಿಸಿದಿರಿ? ನೀರಿಂದ ತೆಗೆದು ಎಷ್ಟು ನಿಮಿಷದ ಮೇಲೆ? ಹೃದಯವನ್ನು ಮೊದಲು ನೋಡಿದಿರೋ, ಮಾಂಸವನ್ನೋ? ಮೊದಲು ನೋಡಿದ್ದು ಮಾಂಸವಾದರೆ, ಅಷ್ಟು ಹೊತ್ತಿಗೆ ಹೃದಯ ಆರಿರಬಹುದು. ಈ ಅನುಮಾನ ಪರಿಹಾರವಾಗದೆ ನಿಮ್ಮ ಸಾಲನ್ನು ಒಪ್ಪಲಾರೆ. ಮಾರ್ಗರೇಟ್ ಅವರನ್ನು ಕೇಳಿದೆ ಎಂದು ಬರೆಯಲು ದೇವಿರಮ್ಮ ಹೇಳಿದ್ದಾಳೆ. ಕೊನೆಯ ವಾಕ್ಯ ಸೇರಿಸಲೋ ಬೇಡವೋ ಎಂದು ಯೋಚಿಸಿ ಸೇರಿಸಿದೆ. ಅಂಚೆ ಡಬ್ಬಿಗೆ ಹಾಕಿ ಬಂದೆ.

ವಾಪಸು ಬಂದು ಗಾಜಿನ ಪೆಟ್ಟಿಗೆ ತೆರೆದು ಹಳೆಯ ಕಾರ್ಡು ತೆಗೆದೆ. ಮಧ್ಯಾಹ್ನ ಪ್ರೊಫೆಸರರು ಆ ಕಡೆ ಬಂದವರು ನಿಂತರು.

"ಏನ್ರೀ ಮಹದೇವು, ಇಷ್ಟು ದೊಡ್ಡ ಮೀನಿಗೆ ಹೆಸರೇ ಇಲ್ಲ?"

"ಮಂಗಳೂರಿನಿಂದ ಉತ್ತರ ಬರಬೇಕು ಸಾರ್" ಎಂದೆ.